ಮಗ್ಗುಲು ಬದಲಿಸುವುದಕ್ಕೆ ಎಷ್ಟು ಹೆಸರು: ಒಂದು ಲೇಖನ ಹುಡುಕಾಟದ ಪ್ರಕರಣ ಅಧ್ಯಯನ

ಹಿನ್ನೆಲೆ

ಸಂಶೋಧನೆ ಮಾಡುವವರಿಗೆ ಲೇಖನ ಹುಡುಕಿಕೊಡುವುದು, ಹುಡುಕುವುದನ್ನು ಹೇಳಿಕೊಡುವುದು ನನ್ನ ಕೆಲಸ. ಅಂಥ ಒಂದು ಪ್ರಕರಣವನ್ನು ಮೊದಲಿಂದ ಕೊನೆಯವರೆಗೆ ಇಲ್ಲಿ ಬರೆಯುತ್ತಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಕಾಲೇಜು, ಊರು ಯಾವುದನ್ನೂ ಹೇಳಿಲ್ಲ, ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಎಲ್ಲಿ ದಾರಿ ತಪ್ಪಿತು, ಯಾವ ನಿರ್ಧಾರದಿಂದ ಸರಿಯಾಯಿತು ಅನ್ನುವುದನ್ನು ಮಾತ್ರ ಎಳೆಎಳೆಯಾಗಿ ಬಿಡಿಸಿದ್ದೇನೆ.

ಅವರು ನರ್ಸಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಮಾಡುತ್ತಿದ್ದರು. ಅದಕ್ಕೂ ಮುಂಚೆ ಕೆಲವು ವರ್ಷ ವಾರ್ಡಿನಲ್ಲಿ ದುಡಿದವರು. ಹಾಸಿಗೆ ಹಿಡಿದ ರೋಗಿಗಳಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಎಷ್ಟೋ ರಾತ್ರಿ ತಮ್ಮ ಕೈಯಾರೆ ಮಾಡಿದ್ದರು. ಹಾಗೆ ಬದಲಿಸದಿದ್ದರೆ ಮೈಯ ಭಾರ ಒಂದೇ ಕಡೆ ಬಿದ್ದು ಚರ್ಮಕ್ಕೆ ರಕ್ತ ಹೋಗುವುದು ಕಡಿಮೆಯಾಗಿ ಹಾಸಿಗೆ ಹುಣ್ಣು ಆಗುತ್ತದೆ. ಅವರ ಪ್ರಶ್ನೆ ಆ ಅನುಭವದಿಂದಲೇ ಹುಟ್ಟಿದ್ದು. ಈ ಎರಡು ಗಂಟೆ ಅನ್ನುವ ಲೆಕ್ಕಕ್ಕೆ ಆಧಾರ ಏನು? ಮೂರು ಗಂಟೆಗೋ ನಾಲ್ಕು ಗಂಟೆಗೋ ಒಮ್ಮೆ ಬದಲಿಸಿದರೆ ಸಾಲದೇ? ರೋಗಿಗೂ ನಿದ್ದೆ ಬೇಕು, ಅಲ್ವಾ?

ನನಗೆ ತುಂಬಾ ಹಿಡಿಸಿದ ಪ್ರಶ್ನೆ ಇದು. ಇದಕ್ಕೆ ಉತ್ತರ ಹುಡುಕಲು ಅವರು ಮೂರು ವಾರ ಹಾಕಿದ್ದರು. ನನ್ನ ಹತ್ತಿರ ಬಂದಾಗ ಈ ವಿಷಯದ ಲೇಖನಗಳ ವಿಮರ್ಶೆಯ ಒಂದು ಕರಡು ಕೂಡ ಸಿದ್ಧವಾಗಿತ್ತು.

ಸಮಸ್ಯೆ

ಆ ಕರಡಿನಲ್ಲಿ ಒಂದು ವಾಕ್ಯ ಇತ್ತು: ಈ ವಿಷಯದ ಮೇಲೆ ಪ್ರಯೋಗಗಳು ತೀರಾ ಕಡಿಮೆ. ಪಕ್ಕದಲ್ಲಿ ಅವರ ಗೈಡ್ ಪೆನ್ಸಿಲಿನಲ್ಲಿ ಬರೆದಿದ್ದರು: 2005, 2011, 2013ರ ಪ್ರಯೋಗಗಳು ಎಲ್ಲಿ?

ಮೂರೂ ಈ ವಿಷಯದಲ್ಲಿ ಎಲ್ಲರೂ ಉಲ್ಲೇಖಿಸುವ ಪ್ರಯೋಗಗಳು. 2005ರದ್ದು ಬೆಲ್ಜಿಯಂನದ್ದು. ಎರಡು, ಮೂರು, ನಾಲ್ಕು, ಆರು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಬೇರೆ ಬೇರೆ ಹಾಸಿಗೆಗಳ ಜೊತೆ ಹೋಲಿಸಿ ನೋಡಿದ್ದು. 2011ರದ್ದು ಐರ್ಲೆಂಡಿನದ್ದು, ರಾತ್ರಿ ಹೊತ್ತು ಮೂರು ಗಂಟೆಗೊಮ್ಮೆ 30 ಡಿಗ್ರಿ ಓರೆಯಾಗಿ ಮಲಗಿಸಿದರೆ ಏನಾಗುತ್ತದೆ ಅಂತ ನೋಡಿದ್ದು. 2013ರದ್ದು ಅಮೆರಿಕ ಮತ್ತು ಕೆನಡಾದಲ್ಲಿ ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ನರ್ಸಿಂಗ್ ಹೋಮ್‌ಗಳಲ್ಲಿ ನಡೆದದ್ದು. ಅದರಲ್ಲಿ ಎರಡು, ಮೂರು, ನಾಲ್ಕು ಗಂಟೆಗಳ ಅಂತರವನ್ನು ನೇರವಾಗಿ ಹೋಲಿಸಿದ್ದಾರೆ. ಅಂದರೆ ಅಕ್ಷರಶಃ ಇವರದ್ದೇ ಪ್ರಶ್ನೆ. ಮೂರು ವಾರ ಹುಡುಕಿದವರ ಕೈಗೆ ಇವುಗಳಲ್ಲಿ ಒಂದೂ ಸಿಕ್ಕಿರಲಿಲ್ಲ.

ಅವರಿಗೆ ತುಂಬಾ ಬೇಸರವಾಗಿತ್ತು. ಅಷ್ಟು ಹೊತ್ತು ಕೂತು ಹುಡುಕಿದ್ದೆನಲ್ಲ ಅಂತ ಎರಡು ಮೂರು ಸಲ ಹೇಳಿದರು. ಹುಡುಕಿದ್ದು ನಿಜ. ಹಾಗಾಗಿ ಮೊದಲು ಅವರು ಏನೇನು ಮಾಡಿದ್ದರು ಅನ್ನುವುದನ್ನು ಇಬ್ಬರೂ ಕೂತು ಹೆಜ್ಜೆ ಹೆಜ್ಜೆಯಾಗಿ ನೋಡಿದೆವು. ಅಲ್ಲೇ ಒಂದು ತೊಡಕು. ಯಾವ ದಿನ, ಯಾವ ಡೇಟಾಬೇಸಿನಲ್ಲಿ, ಯಾವ ಪದ ಹಾಕಿ ಹುಡುಕಿದರು ಅನ್ನುವುದನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಬ್ರೌಸರ್‌ನ ಹಿಸ್ಟರಿ ಮತ್ತು ಅವರ ನೆನಪಿನಿಂದ ಜೋಡಿಸಬೇಕಾಯಿತು.

ಮೊದಲು ಮಾಡಿದ ಪ್ರಯತ್ನಗಳು

ಶುರು ಮಾಡಿದ್ದು ಗೂಗಲ್ ಸ್ಕಾಲರ್‌ನಲ್ಲಿ. ತಮ್ಮ ಪ್ರಶ್ನೆಯನ್ನು ಇಡೀ ವಾಕ್ಯವಾಗಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದರು. ರಾಶಿ ರಾಶಿ ಫಲಿತಾಂಶ ಬಂತು. ಸ್ಕಾಲರ್ ಲೇಖನದ ಒಳಗಿನ ಪೂರ್ತಿ ಪಠ್ಯವನ್ನೂ ಹುಡುಕುತ್ತದೆ, ಹಾಗಾಗಿ ಎಲ್ಲೋ ಒಂದು ಸಾಲಿನಲ್ಲಿ ಹಾಸಿಗೆ ಹುಣ್ಣಿನ ಮಾತು ಬಂದಿರುವ ಲೇಖನವೂ ಪಟ್ಟಿಗೆ ಸೇರುತ್ತದೆ. ಮೇಲೆ ಎಷ್ಟೇ ದೊಡ್ಡ ಸಂಖ್ಯೆ ತೋರಿಸಲಿ, ನಿಜವಾಗಿ ತೆರೆದು ನೋಡಲು ಸಿಗುವುದು ಮೊದಲ 1000 ಮಾತ್ರ. ಅವರು ಹದಿನೈದು ಪುಟ ನೋಡಿ, ಚೆನ್ನಾಗಿ ಕಂಡದ್ದನ್ನು ಇಳಿಸಿಕೊಂಡಿದ್ದರು. ಅರ್ಧಕ್ಕರ್ಧ ಹಾಸಿಗೆ, ಮುಲಾಮು, ಡ್ರೆಸಿಂಗ್‌ಗಳ ಬಗ್ಗೆ ಇದ್ದವು.

ಆಮೇಲೆ ಪಬ್‌ಮೆಡ್‌ಗೆ ಹೋದರು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಈ ಡೇಟಾಬೇಸ್ 1997ರಿಂದ ಎಲ್ಲರಿಗೂ ಉಚಿತ. ಅಲ್ಲಿ ಅದೇ ವಾಕ್ಯ ಹಾಕಿದಾಗ ಬಂದದ್ದು ಬೆರಳೆಣಿಕೆಯಷ್ಟು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬರಗಾಲ. ಕಾರಣ ಸರಳ: ಪಬ್‌ಮೆಡ್ ಪದ ಪದದ ನಡುವೆ ತಾನೇ ‘ಆ್ಯಂಡ್’ ಸೇರಿಸಿಕೊಳ್ಳುತ್ತದೆ. ಬೆಡ್‌ಸೋರ್ ಅನ್ನುವ ಪದವನ್ನು ಅದು ಚೆನ್ನಾಗಿಯೇ ಅರ್ಥ ಮಾಡಿಕೊಂಡಿತ್ತು, ಹಾಸಿಗೆ ಹುಣ್ಣಿಗೆ ತಾನು ಇಟ್ಟುಕೊಂಡಿರುವ ವಿಷಯ ಶೀರ್ಷಿಕೆಯಾದ ‘ಪ್ರೆಶರ್ ಅಲ್ಸರ್’ಗೆ ತಾಳೆ ಹಾಕಿತ್ತು. ಆದರೆ ವಾಕ್ಯದ ಮಿಕ್ಕ ಪದಗಳೂ ಒಂದೂ ಬಿಡದೆ ಸಿಗಲೇಬೇಕು ಅಂದುಕೊಂಡಿತು. ಪೊಸಿಶನ್ ಚೇಂಜ್ ಅಂತ ಬರೆಯದೆ ಬೇರೆ ಪದ ಬಳಸಿದ ಲೇಖನಗಳು ಬಿಟ್ಟುಹೋದವು. ಪಬ್‌ಮೆಡ್ ನಮ್ಮ ಪದಗಳನ್ನು ಒಳಗೊಳಗೇ ಹೇಗೆ ಬದಲಿಸಿಕೊಂಡಿತು ಅನ್ನುವುದು ಅಡ್ವಾನ್ಸ್ಡ್ ಪುಟದ ಹಿಸ್ಟರಿಯಲ್ಲಿ ‘ಡೀಟೇಲ್ಸ್’ ಬಿಚ್ಚಿದರೆ ಪೂರ್ತಿ ಕಾಣುತ್ತದೆ. ಅದನ್ನು ಅವರು ಒಮ್ಮೆಯೂ ತೆರೆದಿರಲಿಲ್ಲ. ಹೆಚ್ಚಿನವರು ತೆರೆಯುವುದಿಲ್ಲ.

ಮೂರನೇ ಪ್ರಯತ್ನದಲ್ಲಿ ವಾಕ್ಯ ಬಿಟ್ಟು ಎರಡೇ ಪದಕ್ಕೆ ಇಳಿದರು: ‘ಪ್ರೆಶರ್ ಅಲ್ಸರ್’ ಮತ್ತು ‘ರಿಪೊಸಿಶನಿಂಗ್’, ಅಂದರೆ ಹಾಸಿಗೆ ಹುಣ್ಣು ಮತ್ತು ಮಗ್ಗುಲು ಬದಲಿಸುವುದು. ಇದು ಒಳ್ಳೆಯ ಹೆಜ್ಜೆ. ನೂರಾರು ಲೇಖನ ಬಂದವು. ಅಷ್ಟನ್ನು ಓದುವುದು ಹೇಗೆ ಅಂತ ಗಾಬರಿಯಾಗಿ, ಪಕ್ಕದಲ್ಲಿದ್ದ ಫಿಲ್ಟರ್‌ಗಳನ್ನು ಒಂದಾದ ಮೇಲೆ ಒಂದು ಒತ್ತಿದರು. ಕಳೆದ ಐದು ವರ್ಷ. ಉಚಿತವಾಗಿ ಪೂರ್ತಿ ಸಿಗುವವು. ಅದೂ ಸಾಲದೆ ಎರಡೂ ಪದ ಶೀರ್ಷಿಕೆಯಲ್ಲೇ ಇರಬೇಕು ಅಂತ ಕಟ್ಟು ಹಾಕಿದರು. ಉಳಿದದ್ದು ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸುವಷ್ಟು.

ಪಟ್ಟಿ ಚಿಕ್ಕದಾಗಿತ್ತು, ಎಲ್ಲವೂ ವಿಷಯಕ್ಕೆ ಸಂಬಂಧಪಟ್ಟವೇ ಆಗಿದ್ದವು. ನೋಡಿದವರಿಗೆ ಒಳ್ಳೆಯ ಹುಡುಕಾಟ ಅಂತಲೇ ಅನ್ನಿಸುತ್ತದೆ. ಬಂದ ಲೇಖನ ಸಂಬಂಧವಿಲ್ಲದ್ದಾದರೆ ಕಣ್ಣಿಗೆ ಬೀಳುತ್ತದೆ. ಬಾರದೇ ಹೋದ ಲೇಖನ ಬೀಳುವುದಿಲ್ಲ. ಇಂಥ ಪಟ್ಟಿ ನೋಡಿಯೇ ಅವರು ‘ಪ್ರಯೋಗಗಳು ಕಡಿಮೆ’ ಅಂತ ಬರೆದಿದ್ದರು, ಪೂರ್ತಿ ನಂಬಿ ಬರೆದಿದ್ದರು.

ತಿರುವು

ಅವರು ಕೇಳಿದ್ದು ಒಂದು ಒಳ್ಳೆಯ ಹುಡುಕಾಟದ ಸಾಲನ್ನು. ನಾನೇ ಹತ್ತು ನಿಮಿಷದಲ್ಲಿ ಬರೆದುಕೊಡಬಹುದಿತ್ತು. ಬರೆಯಲಿಲ್ಲ. ಅದರ ಬದಲು, ಹುಡುಕಾಟ ಸರಿಯಾಗಿದ್ದರೆ ಖಂಡಿತ ಸಿಗಲೇಬೇಕಾದ ಲೇಖನಗಳ ಪಟ್ಟಿ ಮಾಡಿಕೊಂಡು ಬನ್ನಿ ಅಂದೆ. ಗೈಡ್ ಹೇಳಿದ ಮೂರು, ಇಳಿಸಿಕೊಂಡಿದ್ದರಲ್ಲಿ ನಿಜಕ್ಕೂ ಬೇಕಾದ ನಾಲ್ಕು, ಒಟ್ಟು ಏಳು ಆದವು. ನಾವು ಅವಕ್ಕೆ ಸಾಕ್ಷಿ ಲೇಖನಗಳು ಅಂತ ಹೆಸರಿಟ್ಟೆವು.

ಪಬ್‌ಮೆಡ್‌ನಲ್ಲಿ ಪ್ರತಿ ದಾಖಲೆಗೂ ಒಂದು ಸಂಖ್ಯೆ ಇರುತ್ತದೆ, ಪಿಎಂಐಡಿ ಅನ್ನುತ್ತಾರೆ. ಏಳು ಸಂಖ್ಯೆಗಳನ್ನು ನಡುವೆ ‘ಆರ್’ (ಇದು ಇಲ್ಲವೇ ಅದು) ಹಾಕಿ ಹುಡುಕಿದೆವು, ಅದು ಹಿಸ್ಟರಿಯಲ್ಲಿ ಒಂದನೇ ಸಾಲು. ಅವರ ಹಳೆಯ ಹುಡುಕಾಟ ಎರಡನೇ ಸಾಲು. ಮೂರನೆಯದಾಗಿ ‘ಒಂದನೇ ಸಾಲು ನಾಟ್ ಎರಡನೇ ಸಾಲು’ ಅಂತ ಕೊಟ್ಟೆವು. ಅಂದರೆ, ಸಿಗಬೇಕಾಗಿದ್ದು ಸಿಗದೇ ಹೋದವು ಯಾವುವು ತೋರಿಸು ಅಂತ. ಏಳರಲ್ಲಿ ಆರು ಲೇಖನ ಪರದೆ ಮೇಲೆ ಬಂದವು.

ಅವರು ಸುಮ್ನೆ ನೋಡುತ್ತಾ ಕೂತರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, ಒಂದೊಂದೂ ಯಾಕೆ ತಪ್ಪಿತು ನೋಡೋಣ ಅಂದರು. ನನ್ನ ಪ್ರಕಾರ ಈ ಪ್ರಕರಣದ ನಿಜವಾದ ತಿರುವು ಅದೇ ಮಾತು.

ಐದು ವರ್ಷದ ಫಿಲ್ಟರ್ ಒಂದೇ ಏಟಿಗೆ ಮೂರು ಪ್ರಯೋಗಗಳನ್ನೂ ಹೊರಗೆ ಹಾಕಿತ್ತು. ಅದನ್ನು ತೆಗೆದೆವು. ಉಚಿತ ಅನ್ನುವ ಫಿಲ್ಟರ್ ತೆಗೆದೆವು, ದುಡ್ಡು ಕೊಟ್ಟು ಓದಬೇಕಾದದ್ದು ಅನ್ನುವ ಕಾರಣಕ್ಕೆ ಒಂದು ಪ್ರಯೋಗ ಇಲ್ಲವೇ ಇಲ್ಲ ಅನ್ನಲಾಗುವುದಿಲ್ಲವಲ್ಲ. ಆದರೂ ಮೂರೂ ಬರಲಿಲ್ಲ! ಆಗ ಶೀರ್ಷಿಕೆಗಳನ್ನು ಒಂದರ ಕೆಳಗೊಂದು ಬರೆದು ನೋಡಿದೆವು. 2005ರ ಶೀರ್ಷಿಕೆಯಲ್ಲಿ ರಿಪೊಸಿಶನಿಂಗ್ ಅನ್ನುವ ಪದವೇ ಇಲ್ಲ, ಇರುವುದು ‘ಟರ್ನಿಂಗ್’. 2013ರದ್ದರಲ್ಲೂ ಟರ್ನಿಂಗ್. ಅಷ್ಟೇ ಅಲ್ಲ, ಅದರ ಹೆಸರು ‘ಟರ್ನಿಂಗ್ ಫಾರ್ ಅಲ್ಸರ್ ರಿಡಕ್ಷನ್’ ಅಂತ ಶುರುವಾಗುತ್ತದೆ, ಪ್ರೆಶರ್ ಅನ್ನುವ ಮಾತೂ ಶೀರ್ಷಿಕೆಯಲ್ಲಿ ಇಲ್ಲ. 2011ರದ್ದರಲ್ಲಿ ರಿಪೊಸಿಶನಿಂಗ್ ಇದೆ, ಪ್ರೆಶರ್ ಇದೆ, ಅಲ್ಸರ್ ಇದೆ. ಮತ್ತೆ ಯಾಕೆ ಬರಲಿಲ್ಲ? ಅಲ್ಲಿರುವುದು ‘ಅಲ್ಸರ್ಸ್’, ಬಹುವಚನ. ಪದಕ್ಕೆ ಶೀರ್ಷಿಕೆ ಅನ್ನುವ ಟ್ಯಾಗ್ ಅಂಟಿಸಿದ ಕೂಡಲೇ ಪಬ್‌ಮೆಡ್ ತಾನಾಗಿ ಪದ ಹಿಗ್ಗಿಸುವುದನ್ನು ನಿಲ್ಲಿಸುತ್ತದೆ, ಬರೆದದ್ದನ್ನು ಬರೆದ ಹಾಗೇ ಹುಡುಕುತ್ತದೆ. ಇವರು ಏಕವಚನ ಬರೆದಿದ್ದರು. ಒಂದು ‘ಎಸ್’ ಅಕ್ಷರಕ್ಕೆ ಒಂದು ಪ್ರಯೋಗ ಹೋಗಿತ್ತು.

ಪದಗಳ ಕೆಲಸ

ಈಗ ಪ್ರಶ್ನೆಯನ್ನು ತುಂಡು ಮಾಡಿದೆವು. ವೈದ್ಯಕೀಯದಲ್ಲಿ ಇದಕ್ಕೆ ಪೈಕೊ ಅನ್ನುವ ಚೌಕಟ್ಟು ಇದೆ: ರೋಗಿ, ಮಾಡುವ ಉಪಾಯ, ಹೋಲಿಕೆ, ಫಲಿತಾಂಶ. ಚೌಕಟ್ಟು ಯೋಚನೆಗೆ ಒಳ್ಳೆಯದು, ಆದರೆ ನಾಲ್ಕನ್ನೂ ಹುಡುಕಾಟಕ್ಕೆ ಹಾಕಬಾರದು. ಒಂದೊಂದು ತುಂಡು ಸೇರಿಸಿದ ಹಾಗೂ ಲೇಖನ ಕಳೆದುಹೋಗುವ ಸಾಧ್ಯತೆ ಜಾಸ್ತಿ. ‘ಪ್ರಿವೆನ್ಶನ್’ ಸೇರಿಸೋಣವೇ ಅಂತ ಅವರು ಕೇಳಿದರು. ಬೇಡ ಅಂದೆ. ತಡೆಗಟ್ಟುವ ಬಗ್ಗೆಯೇ ಬರೆದವರು ಕೂಡ ಸಾರಾಂಶದಲ್ಲಿ ಆ ಪದ ಬಳಸಿರಬೇಕು ಅಂತೇನಿಲ್ಲ, ‘ಇನ್ಸಿಡೆನ್ಸ್’ ಅಂತಲೋ ‘ರಿಡಕ್ಷನ್’ ಅಂತಲೋ ಬರೆದಿರಬಹುದು. ಎರಡೇ ತುಂಡು ಇಟ್ಟುಕೊಂಡೆವು: ಹುಣ್ಣು, ಮಗ್ಗುಲು ಬದಲಿಸುವುದು.

ಹುಣ್ಣಿನ ಹೆಸರುಗಳು ಸುಲಭ ಅಂದುಕೊಂಡಿದ್ದೆವು. ಬೆಡ್‌ಸೋರ್ ಕೂಡಿಸಿ ಬರೆದದ್ದು, ಬೆಡ್ ಸೋರ್ ಬಿಡಿಸಿ ಬರೆದದ್ದು, ಪ್ರೆಶರ್ ಸೋರ್, ಪ್ರೆಶರ್ ಅಲ್ಸರ್, ಡೆಕ್ಯುಬಿಟಸ್. ಇಷ್ಟು ಬರೆದು ನಿಲ್ಲಿಸಿದ್ದರು. ವಾರ್ಡಿನಲ್ಲಿ ಈಗ ಬೋರ್ಡಿನ ಮೇಲೆ ಏನು ಬರೆಯುತ್ತೀರಿ ಅಂತ ಕೇಳಿದೆ. ‘ಪ್ರೆಶರ್ ಇಂಜುರಿ’ ಅಂದರು, ಅಂದ ಕೂಡಲೇ ನಕ್ಕುಬಿಟ್ಟರು. ಅಮೆರಿಕದಲ್ಲಿ ಈ ವಿಷಯಕ್ಕೇ ಇರುವ ರಾಷ್ಟ್ರೀಯ ಸಲಹಾ ಮಂಡಳಿ 2016ರ ಏಪ್ರಿಲ್‌ನಲ್ಲಿ ಅಲ್ಸರ್ ಬಿಟ್ಟು ಇಂಜುರಿ ಅನ್ನುವ ಪದಕ್ಕೆ ಬದಲಾಯಿತು. ಚರ್ಮ ಒಡೆಯದೆ ಬರೀ ಕೆಂಪಾಗಿರುವ ಹಂತವನ್ನು ಹುಣ್ಣು ಅನ್ನುವುದು ಸರಿಯಲ್ಲ ಅನ್ನುವುದು ಅದರ ಹಿಂದಿನ ವಿಚಾರ. 2019ರಲ್ಲಿ ಮಂಡಳಿ ತನ್ನ ಹೆಸರನ್ನೂ ಹಾಗೇ ಬದಲಿಸಿಕೊಂಡಿತು. ಅಂದರೆ ಬರೀ ಅಲ್ಸರ್ ಅಂತ ಹುಡುಕಿದರೆ ಇತ್ತೀಚಿನ ಲೇಖನಗಳು ತಪ್ಪುತ್ತವೆ, ಬರೀ ಇಂಜುರಿ ಅಂದರೆ ಹಳೆಯವು ತಪ್ಪುತ್ತವೆ. ಒಂದು ಕಾಲದವರು ಒಂದು ಹೆಸರು ಇಟ್ಟಿರುತ್ತಾರೆ, ಮುಂದಿನವರು ಇನ್ನೊಂದು.

ವಿಷಯ ಶೀರ್ಷಿಕೆ ಇರುವುದು ಇದಕ್ಕೇ. ಪಬ್‌ಮೆಡ್‌ನಲ್ಲಿ ಅದನ್ನು ಮೆಶ್ ಅನ್ನುತ್ತಾರೆ. ಲೇಖಕರು ಯಾವ ಪದವನ್ನೇ ಬಳಸಿರಲಿ, ಒಂದೇ ವಿಷಯದ ಲೇಖನಗಳಿಗೆ ಒಂದೇ ಚೀಟಿ ಅಂಟಿಸುವ ವ್ಯವಸ್ಥೆ. ಇದನ್ನು ತೋರಿಸಿದಾಗ ಅವರಿಗೆ ಎಷ್ಟು ಖುಷಿಯಾಯಿತು ಅಂದರೆ, ಮಿಕ್ಕ ಪದಗಳನ್ನೆಲ್ಲ ಅಳಿಸಿ ಬರೀ ಮೆಶ್‌ನಲ್ಲೇ ಹುಡುಕೋಣ ಅಂದರು. ಹಾಗೆ ಮಾಡಿಯೂ ನೋಡಿದೆವು. ಏಳರಲ್ಲಿ ಒಂದು ಮತ್ತೆ ತಪ್ಪಿತು. ಅದು ಹೊಸ ಲೇಖನ, ಚೀಟಿ ಅಂಟಿಸುವ ಕೆಲಸ ಇನ್ನೂ ಆಗಿರಲಿಲ್ಲ. ಪಬ್‌ಮೆಡ್‌ನಲ್ಲಿ ಇರುವ ಎಲ್ಲ ದಾಖಲೆಗಳಿಗೂ ಮೆಶ್ ಇರುವುದಿಲ್ಲ, ಕೆಲವಕ್ಕೆ ಎಂದೂ ಬರುವುದಿಲ್ಲ. ಹಾಗಾಗಿ ಒಂದು ಕಡೆ ಮೆಶ್, ಇನ್ನೊಂದು ಕಡೆ ಲೇಖನದ ಶೀರ್ಷಿಕೆ ಮತ್ತು ಸಾರಾಂಶದಲ್ಲಿರುವ ಪದಗಳು, ಎರಡನ್ನೂ ‘ಆರ್’ ಹಾಕಿ ಕೂಡಿಸಿದೆವು.

ನಿಜವಾದ ಗುದ್ದಾಟ ಇದ್ದದ್ದು ಎರಡನೇ ತುಂಡಿನಲ್ಲಿ. ಕನ್ನಡದಲ್ಲಿ ಮಗ್ಗುಲು ಬದಲಿಸುವುದು ಅಂದರೆ ಮುಗಿಯಿತು, ಬೇರೆ ಅರ್ಥ ಬರುವುದಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ಬಳಸುವ ಪದಗಳೆಲ್ಲ ಬೇರೆ ಕೆಲಸಕ್ಕೂ ಬಳಕೆಯಾಗುವವು. ರಿಪೊಸಿಶನ್ ಅಂತ ಬರೆದು ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಆ ಬೇರಿನಿಂದ ಹುಟ್ಟಿದ ಎಲ್ಲ ರೂಪಗಳೂ ಬರುತ್ತವೆ. ಒಳ್ಳೆಯದೇ. ಆದರೆ ಹಳೆಯ ಔಷಧಿಗೆ ಹೊಸ ಉಪಯೋಗ ಹುಡುಕುವುದಕ್ಕೆ ‘ಡ್ರಗ್ ರಿಪೊಸಿಶನಿಂಗ್’ ಅನ್ನುತ್ತಾರೆ, ಮುರಿದ ಮೂಳೆ ಕೂಡಿಸುವವರೂ ಇದೇ ಪದ ಬಳಸುತ್ತಾರೆ. ಟರ್ನ್ ಅಂತ ಬರೆದು ನಕ್ಷತ್ರ ಹಾಕಿದಾಗಲಂತೂ ಸಿಬ್ಬಂದಿ ಕೆಲಸ ಬಿಟ್ಟುಹೋಗುವ ‘ಟರ್ನೋವರ್’ ಬಂತು, ‘ಟರ್ನಿಂಗ್ ಪಾಯಿಂಟ್’ ಬಂತು, ‘ಇನ್ ಟರ್ನ್’ ಅನ್ನುವ ಬರೀ ಮಾತಿನ ತಿರುವೂ ಬಂತು. ಹುಣ್ಣಿನ ತುಂಡಿನ ಜೊತೆ ‘ಆ್ಯಂಡ್’ ಹಾಕಿದಾಗ ಔಷಧಿ, ಮೂಳೆ ಎಲ್ಲ ತಾವಾಗಿ ಉದುರಿದವು. ಇನ್ ಟರ್ನ್ ಮಾತ್ರ ಉದುರಲಿಲ್ಲ, ಹುಣ್ಣಿನ ಬಗ್ಗೆ ಬರೆಯುವವರೂ ಆ ಮಾತು ಬಳಸುತ್ತಾರಲ್ಲ.

ಇದಕ್ಕೆ ಪದಗಳ ನಡುವಿನ ದೂರ ಹೇಳುವ ಹುಡುಕಾಟ ಬೇಕು. ಟರ್ನಿಂಗ್ ಮತ್ತು ಪೇಶೆಂಟ್ ಮೂರು ಪದಗಳ ಅಂತರದೊಳಗೆ ಇರಬೇಕು ಅಂತ ಕೇಳುವುದು. ಪಬ್‌ಮೆಡ್‌ಗೆ ಈ ಸೌಲಭ್ಯ ಬಂದದ್ದು 2022ರಲ್ಲಿ. ಆದರೆ ಅದರಲ್ಲಿ ನಕ್ಷತ್ರ ಚಿಹ್ನೆ ನಡೆಯುವುದಿಲ್ಲ. ಹಾಗಾಗಿ ಟರ್ನಿಂಗ್ ಪೇಶೆಂಟ್, ಟರ್ನಿಂಗ್ ಪೇಶೆಂಟ್ಸ್, ಟರ್ನ್ಡ್ ಪೇಶೆಂಟ್ಸ್, ಆಮೇಲೆ ರೆಸಿಡೆಂಟ್ಸ್ ಜೊತೆ ಇವೇ ರೂಪಗಳು, ಟರ್ನಿಂಗ್ ಫ್ರೀಕ್ವೆನ್ಸಿ, ಟರ್ನಿಂಗ್ ಶೆಡ್ಯೂಲ್, ಹೀಗೆ ಒಂದೊಂದನ್ನೂ ಬಿಡಿಸಿ ಬರೆಯಬೇಕಾಯಿತು. ಬೇಸರದ ಕೆಲಸ, ಆದರೆ ಅವರು ಅದನ್ನು ನರ್ಸ್ ಕೆಲಸದ ಶಿಸ್ತಿನಲ್ಲೇ ಮಾಡಿದರು. ರೆಸಿಡೆಂಟ್ ಅನ್ನುವ ಪದ ಅವರದ್ದೇ ಕಾಣಿಕೆ. ನರ್ಸಿಂಗ್ ಹೋಮಿನಲ್ಲಿ ಇರುವವರನ್ನು ಪೇಶೆಂಟ್ ಅನ್ನುವುದಿಲ್ಲವಲ್ಲ ಅಂದರು. ನನಗೆ ಹೊಳೆದಿರಲಿಲ್ಲ.

ಮೂರು ಎಡವಟ್ಟು

ಒಂದು ಸಂಜೆ ಅವರು ಫೋನ್ ಮಾಡಿ, ಇದ್ದಕ್ಕಿದ್ದಂತೆ ಸಾವಿರಗಟ್ಟಲೆ ಬರುತ್ತಿದೆ ಅಂದರು. ಸಾಲು ನೋಡಿದರೆ ಬ್ರಾಕೆಟ್ ಹೋಗಿತ್ತು. ‘ಹುಣ್ಣು ಆ್ಯಂಡ್ ರಿಪೊಸಿಶನಿಂಗ್ ಆರ್ ಟರ್ನಿಂಗ್’ ಅಂತ ಬರೀ ಸಾಲಾಗಿ ಇತ್ತು. ಪಬ್‌ಮೆಡ್ ಎಡದಿಂದ ಬಲಕ್ಕೆ ಓದುತ್ತದೆ. ಮೊದಲಿನ ಎರಡನ್ನು ಕೂಡಿಸಿ, ಆಮೇಲೆ ಟರ್ನಿಂಗ್ ಇರುವ ಪ್ರಪಂಚದ ಲೇಖನಗಳನ್ನೆಲ್ಲ ತಂದು ಸುರಿದಿತ್ತು. ಇದೇ ಸಾಲನ್ನು ಸ್ಕೋಪಸ್ ಅನ್ನುವ ಡೇಟಾಬೇಸಿನಲ್ಲಿ ಹಾಕಿದರೆ ಅದು ‘ಆರ್’ ಅನ್ನು ಮೊದಲು ಲೆಕ್ಕ ಮಾಡುತ್ತದೆ, ವೆಬ್ ಆಫ್ ಸೈನ್ಸ್ ಅನ್ನುವ ಇನ್ನೊಂದು ಡೇಟಾಬೇಸ್ ‘ಆ್ಯಂಡ್’ ಅನ್ನು ಮೊದಲು ಮಾಡುತ್ತದೆ. ಒಂದೇ ಸಾಲಿಗೆ ಒಂದೊಂದು ಕಡೆ ಒಂದೊಂದು ಅರ್ಥ. ಬ್ರಾಕೆಟ್ ಹಾಕಿಬಿಟ್ಟರೆ ಎಲ್ಲ ಕಡೆಯೂ ಒಂದೇ. ಅಂದಿನಿಂದ ಅವರು ಪ್ರತಿ ತುಂಡನ್ನೂ ಬೇರೆ ಬೇರೆ ಸಾಲಿನಲ್ಲಿ ಹುಡುಕಿ, ಹಿಸ್ಟರಿಯ ಸಾಲು ಸಂಖ್ಯೆಗಳನ್ನು ಕೂಡಿಸುವ ಅಭ್ಯಾಸ ಮಾಡಿಕೊಂಡರು.

ಎರಡನೆಯದು ‘ನಾಟ್’. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ರೋಗಿಯನ್ನು ಮಲಗಿಸುವ ಬಗ್ಗೆ ಲೇಖನಗಳು ಜಾಸ್ತಿ ಬರುತ್ತಿದ್ದವು. ಅವು ಬೇಡ ಅಂತ ‘ನಾಟ್ ಸರ್ಜರಿ’ ಸೇರಿಸಿದರು. ಪಟ್ಟಿ ಹಗುರವಾಯಿತು. ಅಭ್ಯಾಸದಂತೆ ಸಾಕ್ಷಿ ಲೇಖನಗಳ ಜೊತೆ ತಾಳೆ ನೋಡಿದಾಗ ಒಂದು ಕಾಣೆ. ಅದರ ಸಾರಾಂಶದಲ್ಲಿ, ಮೆಡಿಸಿನ್ ಮತ್ತು ಸರ್ಜರಿ ವಾರ್ಡುಗಳಲ್ಲಿ ಅಧ್ಯಯನ ನಡೆಸಿದೆವು ಅಂತ ಒಂದು ಸಾಲು ಇತ್ತು. ಅಷ್ಟಕ್ಕೇ ಇಡೀ ಲೇಖನ ಹೋಗಿತ್ತು. ನಾಟ್ ತೆಗೆದು, ಶಸ್ತ್ರಚಿಕಿತ್ಸೆಯವುಗಳನ್ನು ಕಣ್ಣಿನಿಂದಲೇ ನೋಡಿ ಬಿಡೋಣ ಅಂತ ತೀರ್ಮಾನಿಸಿದೆವು. ಓದುವ ಕೆಲಸ ಹೆಚ್ಚಾಯಿತು. ಈ ವಿಷಯದಲ್ಲಿ ನನಗೆ ಈಗಲೂ ಎರಡನೇ ಮಾತಿಲ್ಲ: ಶೀರ್ಷಿಕೆ ನೋಡಿ ಒಂದು ಲೇಖನ ಬಿಡಲು ಐದು ಸೆಕೆಂಡು ಸಾಕು, ಕಳೆದುಹೋದ ಲೇಖನ ಕಳೆದಿದೆ ಅಂತಲೇ ಗೊತ್ತಾಗುವುದಿಲ್ಲ.

ಕಾಗುಣಿತದ್ದೂ ಒಂದು ಆಯಿತು. ಸಾಲು ಮುಗಿದ ಮೇಲೆ ಬೇರೆ ಒಬ್ಬರ ಕಣ್ಣಿಗೆ ತೋರಿಸುವುದು ಒಳ್ಳೆಯ ಪದ್ಧತಿ. ಅದಕ್ಕೆ ಪ್ರೆಸ್ ಅನ್ನುವ ಪರಿಶೀಲನಾ ಪಟ್ಟಿಯೇ ಇದೆ, 2015ರಲ್ಲಿ ಪರಿಷ್ಕಾರವಾದದ್ದು. ನನ್ನ ಸಹೋದ್ಯೋಗಿಯೊಬ್ಬರು ಅದನ್ನು ಇಟ್ಟುಕೊಂಡು ನೋಡಿದರು. ಡೆಕ್ಯುಬಿಟಸ್ ಅಂತ ಇರಬೇಕಾದ ಕಡೆ ಡೆಕ್ಯುಬಿಟಿಸ್ ಅಂತ ಇತ್ತು. ಆರ್ಥ್ರೈಟಿಸ್, ಹೆಪಟೈಟಿಸ್ ಬರೆದು ಬರೆದು ರೂಢಿಯಾದ ಕೈ. ನಾವಿಬ್ಬರೂ ಆ ಸಾಲನ್ನು ಎಷ್ಟೋ ಸಲ ನೋಡಿದ್ದೆವು, ಕಣ್ಣಿಗೆ ಬಿದ್ದಿರಲಿಲ್ಲ. ಆ ಪದಕ್ಕೆ ಸೊನ್ನೆ ಫಲಿತಾಂಶ ಬಂದಿದ್ದರೆ ಅನುಮಾನ ಬರುತ್ತಿತ್ತೇನೋ. ಕೆಲವು ಲೇಖಕರೂ ಅದೇ ತಪ್ಪು ಬರೆದಿರುವುದರಿಂದ ಒಂದಿಷ್ಟು ಬಂದಿದ್ದವು! ಸರಿ ಪದ ಸೇರಿಸಿದೆವು, ತಪ್ಪು ಪದವನ್ನೂ ಬೇಕೆಂದೇ ಹಾಗೇ ಉಳಿಸಿದೆವು.

ಏನಾಯಿತು

ಕೊನೆಯ ಸಾಲಿಗೆ ಏಳಕ್ಕೆ ಏಳೂ ಬಂದವು. ಅದರ ಜೊತೆ ಅವರು ನಿರೀಕ್ಷಿಸದ ಇನ್ನೊಂದು ಬಂತು. ಇದೇ ಪ್ರಶ್ನೆಯ ಮೇಲೆ ಕಾಕ್ರೇನ್ ಅನ್ನುವ ಸಂಸ್ಥೆಯ ವ್ಯವಸ್ಥಿತ ವಿಮರ್ಶೆ, ಅಂದರೆ ಆವರೆಗಿನ ಪ್ರಯೋಗಗಳನ್ನೆಲ್ಲ ಹುಡುಕಿ ಒಟ್ಟಿಗೆ ತೂಗಿ ನೋಡಿದ್ದು. ವಯಸ್ಕರಲ್ಲಿ ಹಾಸಿಗೆ ಹುಣ್ಣು ತಡೆಯಲು ಮಗ್ಗುಲು ಬದಲಿಸುವುದರ ಬಗ್ಗೆ 2014ರಲ್ಲಿ ಬಂದು, 2020ರಲ್ಲಿ ಪರಿಷ್ಕಾರವಾದದ್ದು. ಅವರು ಬರೆಯಬೇಕು ಅಂತಿದ್ದ ವಿಮರ್ಶೆ ಆಗಲೇ ಬರೆದಾಗಿತ್ತು.

ಆ ದಿನ ಅವರು ಹೆಚ್ಚು ಮಾತಾಡಲಿಲ್ಲ. ಮೊದಲ ವಾರವೇ ಇದು ಕಂಡಿದ್ದರೆ ಅಂತ ಮಾತ್ರ ಅಂದರು. ನನಗೂ ಹಾಗೇ ಅನ್ನಿಸಿತು. ಹೊಸ ಪ್ರಶ್ನೆ ಹಿಡಿದು ಯಾರೇ ಬಂದರೂ ಈಗ ನಾನು ಮೊದಲು ವಿಮರ್ಶೆಗಳನ್ನೇ ಹುಡುಕಿಸುತ್ತೇನೆ. ಅವರ ಜೊತೆ ಕೂತ ಮೊದಲ ದಿನವೇ ಅದನ್ನು ಮಾಡಿಸಬೇಕಿತ್ತು, ಮಾಡಿಸಲಿಲ್ಲ. ಅದು ನನ್ನ ತಪ್ಪು.

ಎರಡು ದಿನ ಬಿಟ್ಟು ಅವರೇ ಹೊಸ ಪ್ರಶ್ನೆ ತಂದರು. ಎಷ್ಟು ಗಂಟೆಗೊಮ್ಮೆ ಬದಲಿಸಬೇಕು ಅನ್ನುವುದು ಹಾಗಿರಲಿ, ಬರೆದಿಟ್ಟ ವೇಳಾಪಟ್ಟಿಯ ಪ್ರಕಾರ ನಿಜವಾಗಿ ಬದಲಿಸುತ್ತಾರಾ? ಇಲ್ಲದಿದ್ದರೆ ಯಾಕೆ? ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿದವರು ಮಾತ್ರ ಕೇಳಬಲ್ಲ ಪ್ರಶ್ನೆ. ಗೈಡ್ ಒಪ್ಪಿದರು.

ಹಳೆಯ ಎರಡು ತುಂಡುಗಳು ಹಾಗೇ ಉಪಯೋಗಕ್ಕೆ ಬಂದವು, ಮೂರನೆಯದೊಂದು ಸೇರಿತು. ‘ಅಡ್ಹೀರೆನ್ಸ್’, ‘ಕಂಪ್ಲಯನ್ಸ್’, ‘ಮಿಸ್ಡ್ ಕೇರ್’, ‘ಬ್ಯಾರಿಯರ್ಸ್’, ಈ ಸಲ ಪದಗಳನ್ನು ಅವರೇ ತಂದರು, ನಾನು ಕೇಳಬೇಕಾಗಲಿಲ್ಲ. ಹೊಸ ಸಾಕ್ಷಿ ಲೇಖನಗಳನ್ನೂ ಅವರೇ ಆರಿಸಿದರು. ಸಿನಾಹಲ್, ಎಂಬೇಸ್ ಅನ್ನುವ ಬೇರೆ ಎರಡು ಡೇಟಾಬೇಸ್‌ಗಳಿಗೆ ಹೋದಾಗ ಪಬ್‌ಮೆಡ್ ಸಾಲನ್ನು ಹಾಗೇ ಅಂಟಿಸಲಿಲ್ಲ. ಅಲ್ಲಿನ ವಿಷಯ ಶೀರ್ಷಿಕೆಗಳ ಪಟ್ಟಿಯೇ ಬೇರೆ, ದೂರ ಹೇಳುವ ಗುರುತೂ ಬೇರೆ. ಒಂದೊಂದಕ್ಕೂ ಹೊಸದಾಗಿ ಬರೆದರು. ಒಂದು ಪುಸ್ತಕದಲ್ಲಿ ದಿನಾಂಕ, ಡೇಟಾಬೇಸ್, ಪೂರ್ತಿ ಸಾಲು, ಎಷ್ಟು ಬಂತು, ಹಿಂದಿನದಕ್ಕಿಂತ ಏನು ಬದಲಿಸಿದೆ, ಯಾಕೆ ಬದಲಿಸಿದೆ ಅಂತ ಬರೆದಿಡತೊಡಗಿದರು. ಹುಡುಕಾಟವನ್ನು ಹೇಗೆ ವರದಿ ಮಾಡಬೇಕು ಅನ್ನುವುದಕ್ಕೆ 2021ರಲ್ಲಿ ಬಂದ ಪ್ರಿಸ್ಮಾ-ಎಸ್ ಅನ್ನುವ 16 ಅಂಶಗಳ ಪಟ್ಟಿ ಇದೆ. ಪ್ರಬಂಧ ಬರೆಯುವ ಹೊತ್ತಿಗೆ ಆ ಪುಸ್ತಕದಿಂದಲೇ ಅದರ ಬಹುಪಾಲು ತುಂಬಿತು. ಪ್ರತಿ ಬದಲಾವಣೆಗೂ ‘ಯಾಕೆ’ ಅನ್ನುವ ಕಾಲಮು ಮಾತ್ರ ಆ ಪಟ್ಟಿ ಕೇಳುವುದಲ್ಲ. ಅದು ಅವರೇ ಹಾಕಿಕೊಂಡದ್ದು. ನನಗೆ ಅತ್ಯಂತ ಉಪಯುಕ್ತ ಅನ್ನಿಸಿದ್ದೂ ಅದೇ, ಯಾಕೆಂದರೆ ತಿಂಗಳ ಮೇಲೆ ನೋಡಿದಾಗ ಒಂದು ಪದ ಸಾಲಿನಲ್ಲಿ ಯಾಕಿದೆ ಅಂತ ನೆನಪಿರುವುದಿಲ್ಲ, ಅನಗತ್ಯ ಅಂತ ಅಳಿಸಿಬಿಡುತ್ತೇವೆ.

ಓದಲು ಬಂದ ಲೇಖನಗಳು ಮೊದಲಿಗಿಂತ ತುಂಬಾ ಜಾಸ್ತಿ. ಶೀರ್ಷಿಕೆ, ಸಾರಾಂಶ ನೋಡಿ ಬಿಡುವುದಕ್ಕೇ ಎರಡು ವಾರ ಹಿಡಿಯಿತು. ಒಳ್ಳೆಯ ಲೇಖನಗಳ ಉಲ್ಲೇಖ ಪಟ್ಟಿ ಹಿಡಿದು ಹಿಂದಕ್ಕೆ, ಅವನ್ನು ಉಲ್ಲೇಖಿಸಿದವರನ್ನು ಹಿಡಿದು ಮುಂದಕ್ಕೆ ಹೋದಾಗ ಇನ್ನೂ ಒಂದೆರಡು ಸಿಕ್ಕವು. ಅದರಲ್ಲಿ ಒಂದಕ್ಕೆ ಡೇಟಾಬೇಸಿನಲ್ಲಿ ಸಾರಾಂಶವೇ ಇರಲಿಲ್ಲ, ಶೀರ್ಷಿಕೆಯಲ್ಲೂ ನಮ್ಮ ಯಾವ ಪದವೂ ಇರಲಿಲ್ಲ. ಅಂಥದ್ದನ್ನು ಪದ ಹಾಕಿ ಹುಡುಕಿ ಪಡೆಯುವ ದಾರಿಯೇ ಇಲ್ಲ.

ಪ್ರಬಂಧ ಮುಗಿಯಿತು. ಆ ಹಳೆಯ ವಾಕ್ಯದ ಜಾಗದಲ್ಲಿ ಈಗ ಯಾವ ಯಾವ ಡೇಟಾಬೇಸ್‌ಗಳಲ್ಲಿ, ಯಾವ ದಿನದವರೆಗೆ, ಯಾವ ಸಾಲಿನಿಂದ ಹುಡುಕಿದೆ, ಎಷ್ಟು ಸಿಕ್ಕಿತು ಅನ್ನುವ ಒಂದು ಪ್ಯಾರಾ ಇದೆ. ಪಬ್‌ಮೆಡ್‌ನಲ್ಲಿ ಸಾಲನ್ನು ಉಳಿಸಿಟ್ಟು, ಹೊಸ ಲೇಖನ ಬಂದರೆ ಇಮೇಲ್ ಬರುವ ಹಾಗೂ ಮಾಡಿಕೊಂಡಿದ್ದಾರೆ. ಹೋದ ಸಲ ಮಾತಾಡಿದಾಗ, ಗೈಡ್ ಕೊಟ್ಟ ಒಂದು ಲೇಖನ ಆ ಇಮೇಲ್‌ನಲ್ಲಿ ಬಂದಿರಲಿಲ್ಲ ಅಂದರು. ಯಾಕೆ ಅಂತ ಆಗಲೇ ನೋಡಿಯೂ ಆಗಿತ್ತು. ಆ ಲೇಖಕರು ಟರ್ನಿಂಗ್ ಅಂತಲೂ ಬರೆದಿರಲಿಲ್ಲ, ರಿಪೊಸಿಶನಿಂಗ್ ಅಂತಲೂ ಬರೆದಿರಲಿಲ್ಲ, ‘ಲ್ಯಾಟರಲ್ ರೊಟೇಶನ್’ ಅಂತ ಬರೆದಿದ್ದರು. ಪುಸ್ತಕದಲ್ಲಿ ದಿನಾಂಕ ಹಾಕಿ, ಕಾರಣ ಬರೆದು, ಆ ಪದವನ್ನು ಎರಡನೇ ತುಂಡಿನ ಕೊನೆಗೆ ಸೇರಿಸಿದ್ದಾರೆ.